ಸೇತುವೆ ಬಿದ್ದ ವರ್ಷ ಹುಟ್ಟಿದ ಹೆಡ್‌ಮಾಸ್ಟರ್

“ನಿಮ್ಮ ಡಿಗ್ರಿ ಅಂಚೇಲಿ ಬಂತಲ್ಲ ಮೇಷ್ಟ್ರೇ, ಹೆಡ್‌ಮಾಸ್ಟರ್ ಕುರ್ಚಿನೂ ಹಾಗೇ ಬರುತ್ತೆ. ಮನೇಲಿ ಬಾಗಿಲು ತೆಗೆದಿಟ್ಕೊಂಡು ಕಾಯ್ತಾ ಇರಿ.”

ಶಾಲೆಯ ಕಾರ್ಯದರ್ಶಿ ಇದನ್ನು ಮೈಕಿನಲ್ಲಿ ಹೇಳಿದರು. ಆ ಮೈಕು ವರ್ಷವಿಡೀ ಕೆಮ್ಮುತ್ತದೆ, ಗೊರಗೊರ ಎನ್ನುತ್ತದೆ, ಯಾರ ಭಾಷಣದ ಒಂದು ವಾಕ್ಯವನ್ನೂ ನೆಟ್ಟಗೆ ದಾಟಿಸಿದ್ದಿಲ್ಲ. ಅವತ್ತು ಮಾತ್ರ ಒಂದಕ್ಷರವೂ ಸೋರದಂತೆ ಸಭಾಂಗಣದ ಕೊನೆಯ ಬೆಂಚಿನವರೆಗೂ ತಲುಪಿಸಿತು.

ಬೈಸಿಕೊಂಡವರು ನನ್ನ ಭಾವ, ಅಂದರೆ ಅಕ್ಕನ ಗಂಡ, ಆ ಶಾಲೆಯ ಗಣಿತದ ಮೇಷ್ಟ್ರು. ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ಟರಿಗೆ ಬೀಳ್ಕೊಡುಗೆ ನಡೆಯುತ್ತಿತ್ತು. ಎರಡು ಮಾತಾಡುತ್ತೇನೆ ಎಂದು ಎದ್ದ ಭಾವ, ಹೋಗುವವರ ಬಗ್ಗೆ ಅರ್ಧ ಮಾತಾಡಿ ಉಳಿದ ಒಂದೂವರೆಯನ್ನು ತಮ್ಮ ಬಗ್ಗೆಯೇ ಆಡಿದರು. “ಇನ್ನು ಈ ಶಾಲೆಯ ಭಾರ ನನ್ನ ಹೆಗಲ ಮೇಲೆ. ಪೋಷಕರು ಯಾರೂ ಗಾಬರಿಯಾಗಬಾರದು” ಎಂದರು. ಅಲ್ಲಿಯವರೆಗೆ ಯಾರೂ ಗಾಬರಿಯಾಗಿರಲಿಲ್ಲ. ಹೊಸ ಕೋಟು ಬೇರೆ ಹೊಲಿಸಿಕೊಂಡಿದ್ದರು. ಬೆನ್ನ ಮೇಲೆ ದರ್ಜಿ ಎಳೆದ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಮಕ್ಕಳು ಆ ಗೆರೆ ನೋಡಿಯೇ ನಗಲು ಶುರುಮಾಡಿದ್ದರು. ಕಾರ್ಯದರ್ಶಿ ಮೈಕು ಕಿತ್ತುಕೊಂಡ ಮೇಲೆ ಪೋಷಕರೂ ಸೇರಿಕೊಂಡರು. ಉಪಾಧ್ಯಾಯರು ಸುಸಂಸ್ಕೃತರು, ಕರವಸ್ತ್ರ ಅಡ್ಡ ಹಿಡಿದು ನಕ್ಕರು.

ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಶಾಲೆಯ ಎದುರಿಗೇ ನನ್ನ ಪಂಕ್ಚರ್ ಅಂಗಡಿ. “ಭಾವ ಮಾತಾಡುವಾಗ ಚಪ್ಪಾಳೆ ಹೊಡೆಯೋಕೆ ನಮ್ಮೋರು ಅಂತ ಒಬ್ಬ ಬೇಡ್ವೇನೋ” ಎಂದು ಅಕ್ಕ ಎಳೆದುಕೊಂಡು ಬಂದಿದ್ದಳು. ಎಂಟನೆಯ ತರಗತಿಗೇ ಆ ಶಾಲೆಯಿಂದ ಹೊರಬಿದ್ದವನು ನಾನು. ಓದಿದವರ ಜಗಳವನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಟೈರುಗಳ ಮೇಲಿನ ನನ್ನ ಗೌರವ ಹೆಚ್ಚಿದೆ. ತೂತು ಬಿದ್ದರೆ ಟೈರಿನ ಗಾಳಿ ಇಳಿಯುತ್ತದೆ. ಇವರಿಗೆ ತೂತು ಬಿದ್ದಷ್ಟೂ ಗಾಳಿ ಏರುತ್ತದೆ.

ಜಗಳದ ಬುಡ ಇಷ್ಟು. ಹೆಡ್‌ಮಾಸ್ಟರ್ ಹುದ್ದೆಗೆ ಇದ್ದವರು ಇಬ್ಬರು. ಒಬ್ಬರು ಭಾವ, ಇನ್ನೊಬ್ಬರು ಇಂಗ್ಲಿಷ್ ಹೇಳುವ ಮೇಡಂ. ಮೇಡಂ ಎರಡೆರಡು ಎಂ.ಎ. ಮಾಡಿಕೊಂಡಿದ್ದರಿಂದ ಎಲ್ಲರ ಬಾಯಲ್ಲೂ ಡಬಲ್ ಮೇಡಂ. ಭಾವ ಕೆಲಸಕ್ಕೆ ಸೇರಿದ ಮೇಲೆ ಅಂಚೆ ಶಿಕ್ಷಣದಲ್ಲಿ ಒಂದು ಪದವಿ ಸಂಪಾದಿಸಿದವರು. ಓದಿನಲ್ಲಿ ಮೇಡಂ ಮೇಲು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಇಲಾಖೆಯ ನಿಯಮವೇ ಬೇರೆ. ಹುದ್ದೆಗೆ ಬೇಕಾದಷ್ಟು ಓದಿದ್ದರೆ ಸಾಕು, ಹೆಚ್ಚಿಗೆ ಓದಿದ್ದು ಅವರವರ ಚಪಲ. ಆಮೇಲೆ ನೋಡುವುದು ಸೇವೆಯ ಹಿರಿತನ ಒಂದನ್ನೇ. ಈ ನಿಯಮ ಭಾವನಿಗೆ ಬಾಯಿಪಾಠ. ಅವರು ಮರೆತಿದ್ದ ಸಣ್ಣ ಸಂಗತಿಯೆಂದರೆ, ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು.

“ನಾನು ಬೆಳಿಗ್ಗೆ ಸೇರಿದ್ದು! ಅವರು ಬಂದಿದ್ದು ಊಟ ಆದ್ಮೇಲೆ!” ಎಂದು ಭಾವ ಮೈಕಿಲ್ಲದೆಯೇ ಕೂಗಿದರು.

“ಇಲಾಖೆ ಕೇಳೋದು ತಾರೀಖು ಮೇಷ್ಟ್ರೇ, ಊಟದ ವಿಚಾರ ಅಲ್ಲ” ಎಂದರು ಕಾರ್ಯದರ್ಶಿ. “ಒಂದೇ ತಾರೀಖಿಗೆ ಸೇರಿದ್ರೆ ವಯಸ್ಸಲ್ಲಿ ದೊಡ್ಡೋರೇ ಹಿರಿಯರು. ದಾಖಲೆ ಪ್ರಕಾರ ನಿಮಗಿಂತ ಮೇಡಂ ದೊಡ್ಡೋರು.”

ಡಬಲ್ ಮೇಡಂ ಕೂತಲ್ಲಿಂದಲೇ ಎದ್ದು ನಿಂತರು. “ಹೌದು, ನಾನೇ ದೊಡ್ಡವಳು. ಹೇಳ್ಕೊಳ್ಳೋಕೆ ನನಗೇನೂ ಸಂಕೋಚ ಇಲ್ಲ. ವಯಸ್ಸು ಮುಚ್ಚಿಡೋಕೆ ತಲೆಗೆ ಕಪ್ಪು ಬಳ್ಕೊಂಡು ಓಡಾಡೋ ಅಭ್ಯಾಸ ನನಗಿಲ್ಲ.”

ಭಾವನ ಹಣೆಯಲ್ಲಿ ಬೆವರು ಕಿತ್ತುಕೊಂಡಿತ್ತು. ಬೆವರಿನ ಜೊತೆ ಕಪ್ಪು ಬಣ್ಣವೂ ಇಳಿದು, ಕಿವಿಯ ಪಕ್ಕದಿಂದ ಹೊಸ ಕೋಟಿನ ಕಾಲರಿಗೆ ಬಂದು ನಿಂತಿತ್ತು. ಸಭೆಗೆ ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಅಕ್ಕ ನನ್ನ ಕೈ ಹಿಡಿದು, “ಚಪ್ಪಾಳೆ ಬೇಡ, ಬಿಡು” ಎಂದಳು.

ಮನೆಗೆ ಬಂದ ಭಾವ ಕೋಟು ಕಿತ್ತೆಸೆದು, ಹಾಸಿಗೆಯ ಮೇಲೆ ಬಿದ್ದು, ಗೋಡೆಯ ಕಡೆ ಮುಖ ಮಾಡಿದರು. ಮನೆಯಲ್ಲಿ ನಾವು ನಾಲ್ಕು ಜನ: ಭಾವ, ಅಕ್ಕ, ನಾನು, ಭಾವನ ತಾಯಿ. ಆಕೆಯನ್ನು ನಾವೆಲ್ಲ ಅಜ್ಜಿ ಎನ್ನುವುದು. ಅಜ್ಜಿ ಕಿಟಕಿಯ ಪಕ್ಕ ಕೂತು ಹಳೆಯ ಸ್ವೆಟರ್ ಬಿಚ್ಚಿ ಉಲ್ಲನ್ ಉಂಡೆ ಸುತ್ತುತ್ತಿದ್ದರು.

“ಯಾರೋ ಅದು, ನಿನ್ನನ್ನ ಚಿಕ್ಕೋನು ಅಂದಿದ್ದು?”

“ದಾಖಲೆ ಅಮ್ಮ, ದಾಖಲೆ” ಎಂದು ಗೋಡೆಯ ಕಡೆಯಿಂದಲೇ ಉತ್ತರ ಬಂತು.

“ಹೆತ್ತೋಳು ನಾನಾ, ದಾಖಲೇನಾ? ಶಾಲೆಗೆ ಹಾಕೋವಾಗ ನಿಮ್ಮಪ್ಪ ವಯಸ್ಸು ಕಮ್ಮಿ ಬರೆಸಿದ್ರು. ಜಾಸ್ತಿ ದಿನ ನೌಕರಿ ಮಾಡ್ಲಿ ಮಗ ಅಂತ.”

ಭಾವ ಸ್ಪ್ರಿಂಗಿನಂತೆ ಎದ್ದು ಕೂತರು. “ಎಷ್ಟು ಕಮ್ಮಿ?”

“ಎಷ್ಟೋ. ನಾನೇನು ಅಳತೆ ಪಟ್ಟಿ ಹಿಡ್ಕೊಂಡು ನಿಂತಿದ್ನಾ?”

ಅಡುಗೆಮನೆಯ ಬಾಗಿಲಿಗೆ ಅಕ್ಕ ಬಂದು ನಿಂತಿದ್ದಳು. ಕೈಯಲ್ಲಿ ಸೌಟಿತ್ತು. “ಒಂದು ನಿಮಿಷ ತಡೀರಿ. ಮದುವೆಗೆ ಮುಂಚೆ ನೀವು ನನಗೆ ಹೇಳಿದ ವಯಸ್ಸು ದಾಖಲೆಗಿಂತ್ಲೂ ಕಮ್ಮಿ ಇತ್ತು!”

“ಅದು ಸುಮ್ನೆ, ರೌಂಡ್ ಮಾಡಿ ಹೇಳಿದ್ದು ಕಣೇ.”

“ಗಣಿತದ ಮೇಷ್ಟ್ರು ಕೆಳಗಡೆಗೆ ರೌಂಡ್ ಮಾಡಿದ್ರಾ? ನಿಮ್ಮಪ್ಪ ಒಂದಿಷ್ಟು ಕತ್ತರಿಸಿದ್ರು, ನೀವೊಂದಿಷ್ಟು ಕತ್ತರಿಸಿದ್ರಿ, ಮಿಕ್ಕಿದ ಚೂರು ನನ್ನ ಕೊರಳಿಗೆ ಕಟ್ಟಿದ್ರಿ!”

ಆ ಹೊತ್ತಿಗೆ ಭಾವನ ಕಿವಿಗೆ ಇದಾವುದೂ ಬೀಳುತ್ತಿರಲಿಲ್ಲ. ಹೆಂಡತಿಗೆ ಮುದುಕನೆಂದು ಗೊತ್ತಾದ ದಿನವೇ ಇಷ್ಟು ಖುಷಿಪಟ್ಟ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. “ನಾನು ದೊಡ್ಡೋನು! ಆ ಮೇಡಂಗಿಂತ ದೊಡ್ಡೋನು!” ಎನ್ನುತ್ತ ಮನೆಯೊಳಗೆ ಅಡ್ಡಾಡಿದರು. ಮಾರನೆಯ ದಿನವೇ ಇಲಾಖೆಗೆ ಹೋಗಿ, ನನ್ನ ನಿಜವಾದ ವಯಸ್ಸು ಬೇರೆ, ವಿಚಾರಣೆ ಆಗಲೇಬೇಕು ಎಂದು ಪಟ್ಟುಹಿಡಿದು ಕೂತರು. ಅವರು ಹುಟ್ಟಿದ ಕಾಲದಲ್ಲಿ ಊರಿನ ಹುಟ್ಟು ಸಾವು ಬರೆದಿಡುತ್ತಿದ್ದ ಕಚೇರಿ ಬೆಂಕಿಗೆ ಆಹುತಿಯಾಗಿ ಯಾವ ಕಾಲವಾಗಿತ್ತೋ. ಹಾಗಾಗಿ ಬಾಯಿಮಾತಿನ ಸಾಕ್ಷಿಯೇ ಗತಿ ಎಂದಾಯಿತು. ಹೆತ್ತ ತಾಯಿ ಮತ್ತು ಚಿಕ್ಕಂದಿನಿಂದ ಬಲ್ಲವರು ಒಬ್ಬರು ಬಂದು ಹೇಳಬೇಕು, ಶಾಲೆಯಲ್ಲೇ ವಿಚಾರಣೆ, ಅಲ್ಲಿಯವರೆಗೆ ಕುರ್ಚಿ ಖಾಲಿ.

ಅಂದಿನಿಂದ ಭಾವ ಮುದುಕರಾಗುವ ಕಸರತ್ತು ಶುರುಮಾಡಿದರು.

ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿದರು. ಹಾಗೆ ಬಿಟ್ಟರೆ ನಿಧಾನವಾಗಿ ಬೆಳ್ಳಗಾಗುತ್ತದಲ್ಲ, ಅಷ್ಟು ತಾಳ್ಮೆ ಇರಲಿಲ್ಲ. ಕ್ಷೌರದಂಗಡಿಗೆ ಹೋಗಿ, “ಇರೋ ಕಪ್ಪನ್ನ ತೆಗೆಯಪ್ಪ” ಎಂದರು.

“ಕಪ್ಪು ತೆಗೆದ್ರೆ ಕೂದಲೇ ಉಳಿಯಲ್ಲ ಸರ್, ಬೋಳಾಗುತ್ತೆ.”

“ಬೋಳಾದ್ರೆ ವಯಸ್ಸು ಜಾಸ್ತಿ ಕಾಣುತ್ತಾ, ಕಮ್ಮಿ ಕಾಣುತ್ತಾ?”

ಕ್ಷೌರಿಕ ತನ್ನ ಜೀವಮಾನದಲ್ಲಿ ಈ ಪ್ರಶ್ನೆಯನ್ನು ಈ ಕಡೆಯಿಂದ ಕೇಳಿರಲಿಲ್ಲ. ಕತ್ತರಿ ಕೆಳಗಿಟ್ಟು ಯೋಚಿಸಿದ. ಕೊನೆಗೆ ನಡುವೆ ಒಂದಿಷ್ಟು ತೆಗೆದು, ಪಕ್ಕಗಳಲ್ಲಿ ಬೆಳ್ಳಗಿನದನ್ನು ಬಿಟ್ಟು ಕಳಿಸಿದ. ಭಾವ ಅದೇ ತಲೆಯಲ್ಲಿ ಬೀದಿಯುದ್ದಕ್ಕೂ ನಡೆದರು. ನಡೆಯುವಾಗ ಸೊಂಟದ ಮೇಲೆ ಒಂದು ಕೈ. ನನ್ನ ಅಂಗಡಿಯ ಮುಂದೆ ಬಂದು ಮೂರು ಸಲ ಕೆಮ್ಮಿದರು.

“ಕೆಮ್ಮು ಸರಿಯಾಗಿದೆಯೇನೋ?”

“ಚೆನ್ನಾಗಿದೆ ಭಾವ, ಹೋಗಿಬಿಡ್ತೀರೇನೋ ಅನ್ನಿಸ್ತು.”

ಅವರಿಗೆ ಬಹಳ ಸಂತೋಷವಾಯಿತು.

ಇನ್ನು ಪಕ್ಕದ ಮನೆಯ ಪೆನ್ಷನ್ ಮಾವ. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದ ಆಸಾಮಿ. ದಿನಕ್ಕೆ ಎರಡು ಪತ್ರಿಕೆ ಓದಿ ಎರಡನ್ನೂ ಬೈದ ಮೇಲೆ ಮಾಡಲು ಬೇರೆ ಕೆಲಸವಿಲ್ಲ. ಭಾವ ಸಾಕ್ಷಿ ಹೇಳಬೇಕೆಂದು ಕೇಳಿಕೊಂಡಾಗ ಅವರ ಕಣ್ಣಲ್ಲಿ ನೀರು ಬಂತು.

“ನನ್ನ ವಾರಿಗೆಯವರು ಅಂತ ಒಬ್ಬರೂ ಉಳಿದಿಲ್ಲ ಅಂದ್ಕೊಂಡಿದ್ದೆ ಮೇಷ್ಟ್ರೇ. ಇಷ್ಟು ದಿನ ಪಕ್ಕದಲ್ಲೇ ಇದ್ರಿ, ಹೇಳ್ಲೇ ಇಲ್ವಲ್ಲ!”

“ನಿಮ್ಮಷ್ಟು ಅಲ್ಲ ಮಾವ. ಮೇಡಂಗಿಂತ ಒಂದಿಷ್ಟು ಜಾಸ್ತಿ ಆದ್ರೆ ಸಾಕು.”

“ಸಂಕೋಚ ಯಾಕೆ? ನನ್ನಷ್ಟೇ ಮಾಡೋಣ.”

ಭಾವ ಇಲ್ಲಿಯೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಗೆಲ್ಲುವ ಆಸೆ ಹುಟ್ಟಿದ ಮನುಷ್ಯ ಕೂಡಿಸುವುದನ್ನಷ್ಟೇ ಮಾಡುತ್ತಾನೆ. ಅವರು ಅಜ್ಜಿಯನ್ನೂ ಕೂರಿಸಿಕೊಂಡು ಪಾಠ ಶುರುಮಾಡಿದರು. ಮೇಷ್ಟ್ರ ಪಾಠ, ಕೇಳಬೇಕೆ? ಅಜ್ಜಿಗೆ ಪ್ರಶ್ನೆ, ಉತ್ತರ, ಪುನರಾವರ್ತನೆ ಎಲ್ಲ ಆಯಿತು.

“ಅಮ್ಮ, ಅವರು ಏನೇ ಕೇಳ್ಲಿ, ಎರಡು ಉತ್ತರ ಇದ್ರೆ ಹಿಂದಿನದನ್ನೇ ಹೇಳು. ಈಚೆಗಿನದು ಬೇಡ. ಹಿಂದಿನದು. ಗೊತ್ತಾಯ್ತಾ?”

“ಹಿಂದಿನದು ಹೇಳ್ಬೇಕು.”

“ಇನ್ನೊಂದು ಸಲ.”

“ಹಿಂದಿನದು ಕಣೋ! ನಿನ್ನ ಹತ್ರ ಆ ಮಕ್ಕಳು ಹೇಗೆ ಕಲೀತಾವೋ, ಪಾಪ!”

ವಿಚಾರಣೆ ನಡೆದದ್ದು ವಿಜ್ಞಾನದ ಕೋಣೆಯಲ್ಲಿ. ಇಲಾಖೆಯಿಂದ ಬಂದ ಸಾಹೇಬರಿಗೆ ನೆಗಡಿ. ಮೂಗಿಗೆ ಕರವಸ್ತ್ರ ಹಿಡಿದು, ಗಾಜಿನ ಬೀರುವಿನಲ್ಲಿ ನಿಂತಿದ್ದ ಅಸ್ಥಿಪಂಜರದ ಪಕ್ಕವೇ ಕುರ್ಚಿ ಹಾಕಿಸಿಕೊಂಡು ಕೂತರು. ಇಬ್ಬರಲ್ಲಿ ಯಾರು ಹೆಚ್ಚು ಲವಲವಿಕೆಯಿಂದಿದ್ದರೆಂದು ಹೇಳುವುದು ಕಷ್ಟ. ಒಂದು ಬೆಂಚಿನಲ್ಲಿ ಕಾರ್ಯದರ್ಶಿ, ಡಬಲ್ ಮೇಡಂ. ಇನ್ನೊಂದರಲ್ಲಿ ಅಜ್ಜಿ, ಅಕ್ಕ, ಪೆನ್ಷನ್ ಮಾವ, ನಾನು. ಕಿಟಕಿಯ ಹೊರಗೆ ಇಡೀ ಶಾಲೆ.

ಮೊದಲು ಪೆನ್ಷನ್ ಮಾವನ ಸರದಿ.

“ನಿಮಗೆ ಇವರು ಯಾವಾಗಿಂದ ಗೊತ್ತು?”

“ಗೋಲಿ ಆಡೋ ಕಾಲದಿಂದ. ನನಗೆ ಗೋಲಿ ಆಡೋದು ಕಲಿಸಿದ್ದೇ ಇವರು.”

ಸಾಹೇಬರು ಪೆನ್ಷನ್ ಮಾವನ ಬಾಯಲ್ಲಿ ಉಳಿದಿದ್ದ ಹಲ್ಲುಗಳನ್ನೂ ಭಾವನ ಮುಖವನ್ನೂ ಒಂದರ ನಂತರ ಒಂದು ನೋಡಿದರು. “ನೀವು ಇವರಿಗಿಂತ ಚಿಕ್ಕೋರಾ?”

“ಹೆಚ್ಚು ಕಮ್ಮಿ” ಎಂದರು ಪೆನ್ಷನ್ ಮಾವ, ಗಾಂಭೀರ್ಯದಿಂದ. ಕಿಟಕಿಯ ಹೊರಗೆ ಕಿಸಕ್ಕೆಂದಿತು.

ಆಮೇಲೆ ಅಜ್ಜಿ. ಸಾಹೇಬರು ದನಿ ತಗ್ಗಿಸಿ ಕೇಳಿದರು: “ಅಜ್ಜಿ, ನಿಮ್ಮ ಮಗ ಹುಟ್ಟಿದ ವರ್ಷ ಏನಾದ್ರೂ ನೆನಪಿದೆಯಾ?”

“ವರ್ಷ ಗಿರ್ಷ ಗೊತ್ತಿಲ್ಲಪ್ಪ. ಇವನು ಹುಟ್ಟಿದ ದಿನ ಹೊಳೆ ಸೇತುವೆ ಮುರಿದು ಬಿತ್ತು.”

ಕೋಣೆಯಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವುದಿದೆ? ಸೇತುವೆ ಬಿದ್ದದ್ದು ಎಲ್ಲರಿಗೂ ಗೊತ್ತು. ಭಾವನ ಮುಖ ಅರಳಿತು. ಆಗ ಸಾಹೇಬರು ಒಂದು ಸಲ ಸೀನಿ, “ಯಾವ ಸಲ ಬಿದ್ದಾಗ?” ಎಂದರು.

“ಯಾವ ಸಲ ಅಂದ್ರೆ?” ಕಾರ್ಯದರ್ಶಿ ಎದ್ದು ನಿಂತರು. “ಆ ಸೇತುವೆ ಕಟ್ಟಿದ್ದು ನಮ್ಮಪ್ಪ. ಬಿದ್ದಿದ್ದು ಒಂದೇ ಸಲ!”

“ಎರಡು ಸಲ ಸ್ವಾಮಿ!” ಪೆನ್ಷನ್ ಮಾವನೂ ಎದ್ದರು. “ಮೊದಲ್ನೇ ಸಲ ಬಿತ್ತು, ನಿಮ್ಮಪ್ಪಾನೇ ಮತ್ತೆ ಕಟ್ಟಿದ್ರು, ಐದು ವರ್ಷಕ್ಕೆ ಮತ್ತೆ ಬಿತ್ತು. ಎರಡನೇ ಸಲ ನಾನು ಸೈಕಲ್ ಸಮೇತ ಅದರ ಮೇಲಿದ್ದೆ! ಸೈಕಲ್ ಇವತ್ತಿಗೂ ಹೊಳೇಲಿದೆ!”

“ಅದು ಪೂರ್ತಿ ಬಿದ್ದಿಲ್ಲ, ಒಂದು ಕಡೆ ವಾಲಿತು ಅಷ್ಟೆ!”

“ಆ ಕಡೇಲೇ ನಾನಿದ್ದಿದ್ದು!”

ಸಾಹೇಬರು ಮೇಜು ಕುಟ್ಟಿದರು. ಇಬ್ಬರೂ ಕೂತರು. “ಅಜ್ಜಿ, ಸೇತುವೆ ಎರಡು ಸಲ ಬಿದ್ದಿದೆ ಅಂತಾಯ್ತು. ನಿಮ್ಮ ಮಗ ಹುಟ್ಟಿದ್ದು ಮೊದಲ್ನೇ ಸಲ ಬಿದ್ದಾಗ್ಲೋ, ಎರಡನೇ ಸಲ ಬಿದ್ದಾಗ್ಲೋ?”

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ನನಗೂ ಅದು ಹೊಳೆದದ್ದು ಆಮೇಲೆಯೇ. ಎರಡನೆಯ ಸಲ ಎಂದಿದ್ದರೆ ಭಾವ ಡಬಲ್ ಮೇಡಂಗಿಂತ ಒಂದೆರಡು ತಿಂಗಳು ದೊಡ್ಡವರಾಗಿ, ಕುರ್ಚಿಯಲ್ಲಿ ಕೂತು, ಮೂರು ವರ್ಷ ರಾಜ್ಯಭಾರ ಮಾಡಿ, ಹೂಗುಚ್ಛ ತೆಗೆದುಕೊಂಡು ಮನೆಗೆ ಬರಬಹುದಿತ್ತು.

ಅಜ್ಜಿ ಮಗನ ಕಡೆ ನೋಡಿದರು. ಭಾವ ಎರಡೂ ಹುಬ್ಬು ಮೇಲೇರಿಸಿ ತಲೆಯನ್ನು ಹಿಂದಕ್ಕೆ ಹಿಂದಕ್ಕೆ ಆಡಿಸಿದರು.

“ಹಿಂದಿನದು” ಎಂದರು ಅಜ್ಜಿ, ಪಾಠ ಒಪ್ಪಿಸುವ ಮಗುವಿನಂತೆ. “ಮೊದಲ್ನೇ ಸಲ ಬಿದ್ದಿದ್ದು.”

ಡಬಲ್ ಮೇಡಂ ಮುಂದೆ ಬಾಗಿದರು. “ಸರ್, ವಯಸ್ಸಾದೋರು. ಇನ್ನೊಂದು ಸಲ ಸಮಾಧಾನವಾಗಿ ಕೇಳಿ.”

“ಏನೂ ಬೇಡ!” ಭಾವ ಗುಡುಗಿದರು. “ನನ್ನ ತಾಯಿ ಮಾತು ಅಂದ್ರೆ ಮಾತು. ಮೊದಲ್ನೇ ಸಲಾನೇ!”

ಸಾಹೇಬರು ಕಪ್ಪುಹಲಗೆಗೆ ಹೋಗಿ ಒಂದರ ಕೆಳಗೆ ಒಂದು ಇಸವಿ ಬರೆದು ಕಳೆಯತೊಡಗಿದರು. “ಅಂದ್ರೆ ಒಂದನೇ ಕ್ಲಾಸಿಗೆ ಸೇರಿದಾಗ ನಿಮಗೆ ಹನ್ನೆರಡು ವರ್ಷ?”

“ಚಿಕ್ಕಂದಿನಲ್ಲಿ ನಾನು ಸ್ವಲ್ಪ ನಿಧಾನ ಸರ್” ಎಂದರು ಭಾವ ಹೆಮ್ಮೆಯಿಂದ.

“ಕ್ಲಾಸ್ ಮೇಷ್ಟ್ರಿಗಿಂತ ಇವರೇ ಎತ್ತರ ಇದ್ರು” ಎಂದು ಪೆನ್ಷನ್ ಮಾವ ಕೈಜೋಡಿಸಿದರು.

ಸಾಹೇಬರು ಲೆಕ್ಕ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟರು. “ಸರಿ. ನೀವು ಮೇಡಂಗಿಂತ ದೊಡ್ಡೋರು, ಅದರಲ್ಲಿ ಅನುಮಾನ ಇಲ್ಲ. ಸೇವೆಯ ಹಿರಿತನ ನಿಮ್ಮದೇ.”

ಭಾವ ಎದ್ದು ಎರಡೂ ಕೈ ಜೋಡಿಸಿದರು. ಪೆನ್ಷನ್ ಮಾವ ಅವರನ್ನು ತಬ್ಬಿಕೊಂಡರು. ಚಪ್ಪಾಳೆ ಹೊಡೆಯುವುದೇ ನನ್ನ ಕೆಲಸವಾದ್ದರಿಂದ ನಾನೂ ಹೊಡೆದೆ. ಕಿಟಕಿಯ ಹೊರಗಿನ ಮಕ್ಕಳೂ ಹೊಡೆದವು. ಆ ಗದ್ದಲದಲ್ಲಿ ಅಕ್ಕ ಒಬ್ಬಳೇ ಹಲಗೆಯ ಕಡೆ ನೋಡುತ್ತಿದ್ದಳು.

“ರೀ” ಎಂದಳು. “ಅಲ್ಲಿ ಬರೆದಿರೋದು ನೋಡ್ರೀ.”

“ಹಾಗೇ” ಎಂದರು ಸಾಹೇಬರು, ಮೂಗು ಒರೆಸಿಕೊಳ್ಳುತ್ತ, “ಈ ಲೆಕ್ಕದ ಪ್ರಕಾರ ನೀವು ನಿವೃತ್ತರಾಗಿ ಎರಡು ವರ್ಷ ಆಯ್ತು. ಇಷ್ಟು ದಿನ ಯಾಕೆ ಶಾಲೆಗೆ ಬರ್ತಾ ಇದ್ರಿ?”

ಭಾವ ಜೋಡಿಸಿದ್ದ ಕೈಯನ್ನು ಹಾಗೇ ಹಿಡಿದುಕೊಂಡು ಹಲಗೆಯ ಕಡೆ ತಿರುಗಿದರು. ಮಕ್ಕಳಿಗೆ ಇಂಥ ಸಾವಿರಾರು ಲೆಕ್ಕ ಮಾಡಿಸಿದ ಮನುಷ್ಯ. ಮೇಲಿನಿಂದ ಕೆಳಗೆ ನೋಡಿದರು, ಕೆಳಗಿನಿಂದ ಮೇಲೆ ನೋಡಿದರು, ಬೆರಳು ಮಡಚಿ ಎಣಿಸಿದರು. ಲೆಕ್ಕ ಸರಿಯಾಗಿತ್ತು.

ಇಲಾಖೆಯವರಿಗೆ ಸತ್ತವರ ಪೆನ್ಷನ್ ಮಂಜೂರು ಮಾಡಲು ವರ್ಷಗಳು ಬೇಕು. ಬದುಕಿದವನನ್ನು ಮನೆಗೆ ಕಳಿಸುವ ಆದೇಶ ಮಾತ್ರ ಅದೇ ವಾರ ಬಂತು. ಡಬಲ್ ಮೇಡಂ ಕುರ್ಚಿಯಲ್ಲಿ ಕೂತರು. ಅವರು ಭಾವನಿಗಿಂತ ಚಿಕ್ಕವರೆಂದು ಸಾಬೀತಾಗಿತ್ತು, ಆದರೆ ಈಗ ದೊಡ್ಡವರೇ ಇರಲಿಲ್ಲವಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಎರಡು ದಿನಕ್ಕೆ ಪೋಷಕರ ದಂಡು ಮನೆಯ ಮುಂದೆ ಬಂದು ನಿಂತಿತು. ಮುಂದೆ ಬೇಕರಿಯವನು.

“ಮೇಷ್ಟ್ರೇ, ಹೋದ ವರ್ಷ ನನ್ನ ಮಗಳನ್ನ ಗಣಿತದಲ್ಲಿ ಪಾಸ್ ಮಾಡಿದ್ರಲ್ಲ, ಆಗ ನೀವು ಮೇಷ್ಟ್ರೇ ಅಲ್ವಂತೆ? ಈಗ ಅವಳು ಪಾಸಾ, ಫೇಲಾ?”

“ಪಾಸೇ ಕಣಯ್ಯ, ಒಳ್ಳೆ ಹುಡುಗಿ.”

“ನೀವು ಹೇಳಿದ್ರೆ ನಡೆಯುತ್ತಾ? ನೀವ್ಯಾರು ಹೇಳೋಕೆ?”

ಹಿಂದಿನಿಂದ ಇನ್ನೊಬ್ಬ ಕೂಗಿದ: “ನನ್ನ ಮಗ ಫೇಲು! ಹಾಗಾದ್ರೆ ಅದೂ ಲೆಕ್ಕಕ್ಕಿಲ್ಲ ತಾನೇ? ಪಾಸ್ ಅಂತ ಬರೆದು ಕೊಡಿ!”

ಪಾಸಾದವರ ಅಪ್ಪಂದಿರಿಗೂ ಫೇಲಾದವರ ಅಪ್ಪಂದಿರಿಗೂ ನಮ್ಮ ಬಾಗಿಲಲ್ಲೇ ಕೈ ಕೈ ಮಿಲಾಯಿಸುವ ಜಗಳ ಹತ್ತಿತು. ನಾನು ಟೈರ್ ಬಿಚ್ಚುವ ಕಬ್ಬಿಣ ತಂದು ನಡುವೆ ನಿಂತ ಮೇಲೆ ಚದುರಿದರು. ನನಗೆ ಒಬ್ಬನ ತಲೆಗಾದರೂ ಬಿಡಬೇಕೆನ್ನಿಸಿತ್ತು, ಯಾರ ತಲೆ ಎಂದು ನಿರ್ಧಾರವಾಗಲಿಲ್ಲ. ಅಪ್ಪ ಸುಳ್ಳು ಬರೆಸುತ್ತಾನೆ, ಮೇಷ್ಟ್ರು ಬರೆದುಕೊಳ್ಳುತ್ತಾನೆ, ಇಲಾಖೆ ಆ ಸುಳ್ಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಅದಕ್ಕೆ ದಾಖಲೆ ಎನ್ನುತ್ತದೆ. ಅದನ್ನು ತಿದ್ದಲು ಇನ್ನೂ ದೊಡ್ಡ ಸುಳ್ಳು ಹೇಳಿದರೆ ಇಲಾಖೆ ಅದನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳುತ್ತದೆ. ಇಷ್ಟಕ್ಕೆಲ್ಲ ಓದಿದವರೇ ಬೇಕು!

ಭಾವ ಮನೆಯಲ್ಲಿ ಉಳಿದರು. ಬೆಳಿಗ್ಗೆ ಗಂಟೆ ಹೊಡೆಯುವ ಹೊತ್ತಿಗೆ ಅಂಗಿ ಹಾಕಿಕೊಂಡು ಬಾಗಿಲವರೆಗೆ ಬರುವುದು, ನೆನಪಾಗಿ ಅಂಗಿ ಬಿಚ್ಚುವುದು. ಪೆನ್ಷನ್ ಮಾವ ಕಾಂಪೌಂಡ್ ಗೋಡೆಯ ಮೇಲಿನಿಂದ ಪತ್ರಿಕೆ ಬೀಸುತ್ತ, “ಬನ್ನಿ ಮೇಷ್ಟ್ರೇ, ಬೈಯೋಣ” ಎಂದು ಕರೆಯುತ್ತಿದ್ದರು. ಭಾವ ಹೋಗುತ್ತಿರಲಿಲ್ಲ. ಒಂದು ಸಂಜೆ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು.

“ಅಮ್ಮ, ಈಗ ಯಾರೂ ಇಲ್ಲ. ನಿಜ ಹೇಳು. ಮೊದಲ್ನೇ ಸಲ ಬಿದ್ದಾಗ್ಲೋ, ಎರಡನೇ ಸಲ ಬಿದ್ದಾಗ್ಲೋ?”

ಅಜ್ಜಿ ಉಂಡೆ ಸುತ್ತುವುದನ್ನು ನಿಲ್ಲಿಸಿದರು. “ನಂಗೇನು ಗೊತ್ತು ಮಗಾ? ನಾನು ಒಳಗೆ ನೋವು ತಿಂತಾ ಇದ್ದೆ. ಹೊರಗೆ ಏನೋ ಬಿತ್ತು ಅಂತ ಎಲ್ಲರೂ ಓಡಿದ್ರು. ಸೂಲಗಿತ್ತೀನೂ ಓಡಿದ್ಲು. ಆಮೇಲೆ ಸೇತುವೆ ಅಂದ್ರು. ಗೋಡೆ ಅಂತಾನೂ ಯಾರೋ ಅಂದ್ರು.”

ಅಕ್ಕ ದೀಪ ಹಾಕಿದರೂ ಭಾವ ಏಳಲಿಲ್ಲ.

ಆಗ ದಾರಿ ತೋರಿಸಿದವರು, ಯಾರೂ ನಿರೀಕ್ಷಿಸದಂತೆ, ಡಬಲ್ ಮೇಡಂ. ಅವರೇ ನನ್ನ ಅಂಗಡಿಗೆ ಬಂದು, “ನಿಮ್ಮ ಭಾವನಿಗೆ ಹೇಳಿ, ಸಾಹೇಬರು ನಾಳೆ ಬರ್ತಾರೆ. ಹಳೇ ವಯಸ್ಸೇ ಸರಿ ಅಂತ ವಾಪಸ್ ತಗೊಳ್ಳೋಕೆ ಅವಕಾಶ ಇದೆ. ಹೆಡ್‌ಮಾಸ್ಟರ್ ಆಗಲ್ಲ, ಆದ್ರೆ ನಾಲ್ಕು ವರ್ಷ ಪಾಠ ಮಾಡ್ಬಹುದು. ಗಣಿತಕ್ಕೆ ಜನ ಸಿಗ್ತಿಲ್ಲ, ಮಕ್ಕಳು ಹಾಳಾಗ್ತಿದಾರೆ” ಎಂದರು. ಅಂಥ ಮಾತಿಗೂ ನನಗೆ ಸಿಟ್ಟೇ ಬಂತು. ಒಳ್ಳೆಯವರಾಗಿರುವುದಾದರೆ ಮೊದಲೇ ಆಗಿರಬಾರದಿತ್ತೇ? ಆದರೂ ಹೇಳಿದೆ. ಭಾವ ಅವತ್ತು ರಾತ್ರಿ ಎರಡು ತುತ್ತು ಹೆಚ್ಚಿಗೆ ಉಂಡರು.

ಮಾರನೆಯ ದಿನ ನಾವು ಮೂವರು ಹೋದೆವು. ಬೇಡವೆಂದರೂ ಅಜ್ಜಿ ಕೇಳಲಿಲ್ಲ. “ನನ್ನಿಂದ ಕೆಟ್ಟಿದ್ದು, ಕೇಳಿದ್ರೆ ನಾನೇ ಹೇಳ್ತೀನಿ” ಎಂದು ಬಂದು, ಹೆಡ್‌ಮಾಸ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತರು. ಒಳಗೆ ಮೇಡಂ, ಕಾರ್ಯದರ್ಶಿ, ನೆಗಡಿ ವಾಸಿಯಾದ ಸಾಹೇಬರು. ಭಾವನಿಗೆ ಕೂರಲು ಹೇಳಿದರು. ನನಗೆ ಹೇಳಲಿಲ್ಲ, ನಿಂತೆ.

“ನೋಡಿ ಮೇಷ್ಟ್ರೇ, ಸುಲಭ” ಎಂದರು ಸಾಹೇಬರು. “ನಿಮ್ಮ ತಾಯಿ ಹೇಳಿಕೆ ಮೇಲೆ ನಿಮ್ಮ ವಯಸ್ಸು ಬದಲಾಯ್ತು. ಆ ಹೇಳಿಕೆ ಬಿದ್ದುಹೋದ್ರೆ ನಿಮ್ಮ ವಯಸ್ಸು ಹಳೇ ಜಾಗಕ್ಕೆ ಬರುತ್ತೆ. ಹೇಳಿಕೆ ಬೀಳ್ಬೇಕು ಅಂದ್ರೆ ಎರಡೇ ಕಾರಣ. ಒಂದು, ನಿಮ್ಮ ತಾಯಿ ಬೇಕಂತ್ಲೇ ಸುಳ್ಳು ಹೇಳಿದ್ರು. ಇಲ್ಲ, ನಿಮ್ಮ ತಾಯಿಗೆ ಬುದ್ಧಿ ಸ್ವಾಧೀನ ಇಲ್ಲ. ಎರಡರಲ್ಲಿ ಯಾವುದು ಅಂತ ನೀವು ಬಾಯ್ಬಿಟ್ಟು ಹೇಳಿ, ನಾನು ಬರ್ಕೋತೀನಿ.”

“ನಾನೇ ತಪ್ಪು ಹೇಳಿಕೊಟ್ಟೆ ಅಂತ ಬರೆದ್ರೆ?” ಎಂದರು ಭಾವ.

“ಹಾಗೆ ಬರೆದ್ರೆ ನೀವು ಸಾಕ್ಷಿ ಕೆಡಿಸಿದ ಹಾಗೆ. ನೌಕರಿ ವಾಪಸ್ ಬರಲ್ಲ.”

“ಸುಳ್ಳು ಅಂತ ಬರೆದ್ರೆ ಅಮ್ಮಂಗೆ ಏನಾಗುತ್ತೆ?”

“ಒಂದು ಕೇಸ್ ಆಗುತ್ತೆ, ಅಷ್ಟೆ. ಈ ವಯಸ್ಸಿನೋರನ್ನ ಯಾರು ಏನು ಮಾಡ್ತಾರೆ?”

“ಅದಕ್ಕಿಂತ ಎರಡನೇದೇ ವಾಸಿ” ಎಂದು ಕಾರ್ಯದರ್ಶಿ ಉಪಕಾರ ಮಾಡುವವರಂತೆ ಹೇಳಿದರು. “ತಲೆ ಸರಿ ಇಲ್ಲ ಅಂದುಬಿಡಿ. ಯಾರಿಗೂ ತೊಂದರೆ ಇಲ್ಲ.”

“ಸರ್, ಏನೋ ಒಂದು ಹೇಳಿಬಿಡಿ” ಎಂದರು ಮೇಡಂ ಮೆಲ್ಲಗೆ. “ಎಂಟನೇ ಕ್ಲಾಸ್ ಖಾಲಿ ಕೂತಿದೆ.”

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿಯಲ್ಲಿ ಅಜ್ಜಿಯ ಭುಜವೂ ಅರ್ಧ ಬೆಳ್ಳನೆಯ ತಲೆಯೂ ಕಾಣುತ್ತಿದ್ದವು. ಕಿವಿ ಇತ್ತಲೇ ಇತ್ತು. ಮೈದಾನದ ಆಚೆ ಎಂಟನೆಯ ತರಗತಿಯಿಂದ ಗಲಾಟೆ ಕೇಳುತ್ತಿತ್ತು. ಮೇಷ್ಟ್ರಿಲ್ಲದ ತರಗತಿಯ ಗಲಾಟೆ ಬೇರೆಯೇ ಥರ, ಕೇಳಿದವರಿಗೆ ಗೊತ್ತಾಗುತ್ತದೆ. ಭಾವ ಅದನ್ನು ಕೇಳುತ್ತಿದ್ದರು. ಅಭ್ಯಾಸಬಲದಿಂದ ಅವರ ಕೈ ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡಿನ ಕಡೆ ಹೋಗಿ, ಅರ್ಧದಲ್ಲಿ ನಿಂತಿತು.

ನಾನು ಅವರ ಬೆನ್ನಿಗೆ ತಿವಿದೆ. “ಹೇಳಿ ಭಾವ! ಎರಡನೇದು ಅನ್ನಿ, ಮುಗಿಸಿ!” ನನ್ನ ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. ಬಾಗಿಲ ಸಂದಿಯಲ್ಲಿ ಆ ಭುಜ ಒಂಚೂರು ಅಲುಗಿತು.

“ಹೇಳಿ ಮೇಷ್ಟ್ರೇ” ಎಂದರು ಸಾಹೇಬರು, ಪೆನ್ನಿನ ಮುಚ್ಚಳ ತೆಗೆದು. “ಸುಳ್ಳೋ, ಬುದ್ಧಿ ಸರಿ ಇಲ್ವೋ?”

ಭಾವ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದರು.

“ಏನ್ ಕೇಳಿದ್ರೋ?” ಎಂದರು ಅಜ್ಜಿ. “ನಾನು ಬಂದು ಹೇಳ್ಲಾ?”

ಭಾವ ಬಗ್ಗಿ, ಬೆಂಚಿನ ಕೆಳಗೆ ಹೋಗಿದ್ದ ಆಕೆಯ ಚಪ್ಪಲಿಯನ್ನು ಎಳೆದು ಕಾಲಿನ ಹತ್ತಿರ ಇಟ್ಟರು. ಕೈ ಹಿಡಿದು ಎಬ್ಬಿಸಿದರು.

“ಮೇಷ್ಟ್ರೇ! ಉತ್ತರ ಹೇಳಿ ಹೋಗಿ! ಆಮೇಲೆ ಕೇಳಿದ್ರೆ ನಡೆಯಲ್ಲ!” ಎಂದು ಸಾಹೇಬರು ಒಳಗಿನಿಂದ ಕೂಗಿದರು.

ತಾಯಿಯ ಕೈ ಹಿಡಿದುಕೊಂಡು, ಆಕೆಯ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಿಕೊಂಡು, ಎಂಟನೆಯ ತರಗತಿಯ ಕಿಟಕಿಗಳ ಮುಂದೆಯೇ ಭಾವ ಗೇಟಿನ ಕಡೆಗೆ ನಡೆದರು.